ನಿಮಗೆ ಕಾಟ ಕೊಡೋ ಸದ್ದು ಯಾವುದು? ಕಡಿಮೆ ಬಜೆಟ್ಟಿನಲ್ಲಿ ಹೆಡ್‌ಫೋನ್ ಹುಡುಕುವವರಿಗೆ

ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನ ಕಡೆ ಯಾವುದಾದರೂ ಅಂಗಡಿಗೆ ಹೋಗಿ ‘ನಾಯ್ಸ್ ಕ್ಯಾನ್ಸಲ್ ಮಾಡೋ ಹೆಡ್‌ಫೋನ್ ತೋರಸ್ರಿ’ ಅಂದರೆ ಕೌಂಟರ್ ಮೇಲೆ ನಾಲ್ಕೈದು ಡಬ್ಬಿ ಬಂದು ಕೂರುತ್ತವೆ. ಒಂದರ ಬೆಲೆ ಸಾವಿರದ ಚಿಲ್ಲರೆ. ಇನ್ನೊಂದರದ್ದು ಒಂಬತ್ತು ಸಾವಿರ. ಎರಡರ ಮೇಲೂ ನಾಯ್ಸ್ ಕ್ಯಾನ್ಸಲೇಶನ್ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ‘ಎರಡೂ ಒಂದ ರೀ ಸರ, ಹೆಸರಿಗೆ ರೊಕ್ಕ ಅಷ್ಟ’ ಅನ್ನುವವರೂ ಸಿಗುತ್ತಾರೆ. ಹೆಸರಿಗೂ ರೊಕ್ಕ ಕೊಡುತ್ತೇವೆ, ನಿಜ. ಆದರೆ ಎರಡೂ ಒಂದೇ ಅಲ್ಲ. ಎಷ್ಟೋ ಸಲ ಆ ಸಾವಿರದ ಡಬ್ಬಿಯ ನಾಯ್ಸ್ ಕ್ಯಾನ್ಸಲೇಶನ್ ನಿಮ್ಮ ಕಿವಿಗಾಗಿ ಇರುವುದೇ ಇಲ್ಲ. ಫೋನಿನ ಆ ಕಡೆ ಇರುವವರ ಕಿವಿಗಾಗಿ ಇರುತ್ತದೆ.

ಅದರ ಕಥೆ ಮುಂದೆ ಬರುತ್ತದೆ. ಹಳೆ ಹೆಡ್‌ಫೋನ್ ಕೆಟ್ಟು, ಐದಾರು ಸಾವಿರ, ಬಹಳ ಅಂದರೆ ಹತ್ತು ಸಾವಿರ ಇಟ್ಟುಕೊಂಡು ಇನ್ನೊಂದನ್ನು ಹುಡುಕುತ್ತಿರುವವರಿಗೆ ಈ ಬರಹ. ಮಾಡೆಲ್ ಹೆಸರಿನ ಬೆನ್ನು ಹತ್ತುವ ಮೊದಲು ಎರಡು ವಿಷಯ ಗೊತ್ತು ಮಾಡಿಕೊಳ್ಳಿ, ಅರ್ಧ ಕೆಲಸ ಮುಗಿಯುತ್ತದೆ. ನಿಮಗೆ ಕಾಟ ಕೊಡುತ್ತಿರುವ ಸದ್ದು ಯಾವುದು? ಹಳೆಯದು ಕೆಟ್ಟಿದ್ದು ಯಾತರಿಂದ?

ಸದ್ದಿಗೆ ಎದುರು ಸದ್ದು

ಸದ್ದು ಅಂದರೆ ಗಾಳಿಯ ಒತ್ತಡ ಏರುವುದು, ಇಳಿಯುವುದು, ಮತ್ತೆ ಏರುವುದು. ಎಎನ್‌ಸಿ, ಅಂದರೆ ಆಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್ ಇರುವ ಹೆಡ್‌ಫೋನಿನಲ್ಲಿ ಒಂದು ಸಣ್ಣ ಮೈಕ್ ಹೊರಗಿನ ಸದ್ದನ್ನು ಕೇಳುತ್ತಲೇ ಇರುತ್ತದೆ. ಒಳಗಿನ ಚಿಪ್ ಆ ಸದ್ದನ್ನು ತಿರುಗುಮುರುಗು ಮಾಡಿ ಸ್ಪೀಕರ್‌ಗೆ ಕೊಡುತ್ತದೆ. ಹೊರಗಿನ ಅಲೆ ಒತ್ತಡ ಏರಿಸುವ ಹೊತ್ತಿಗೆ ಸ್ಪೀಕರ್ ಅಷ್ಟೇ ಇಳಿಸುತ್ತದೆ. ಎರಡೂ ಕಿವಿಯ ಹತ್ತಿರ ಸೇರಿದಾಗ ಒಂದನ್ನೊಂದು ನುಂಗಿ ಹಾಕುತ್ತವೆ.

ನಾಗರ ಪಂಚಮಿಯ ಜೋಕಾಲಿ ನೆನೆಸಿಕೊಳ್ಳಿ. ನಿಮ್ಮ ಕಡೆ ಬರುತ್ತಿರುವ ಜೋಕಾಲಿಗೆ ಎದುರಿನಿಂದ ಸರಿಯಾದ ಹೊತ್ತಿಗೆ ಕೈ ಕೊಟ್ಟರೆ ಅದು ನಿಲ್ಲುತ್ತದೆ. ಹೊತ್ತು ತಪ್ಪಿ ತಳ್ಳಿದರೆ ಇನ್ನೂ ಜೋರಾಗಿ ತೂಗುತ್ತದೆ. ದೊಡ್ಡ ಮರದ ಟೊಂಗೆಗೆ ಕಟ್ಟಿದ ಉದ್ದ ಹಗ್ಗದ ಜೋಕಾಲಿ ನಿಧಾನಕ್ಕೆ ಹೋಗಿ ಬರುತ್ತದೆ, ನೋಡಿಕೊಂಡು ತಳ್ಳಲು ಪುರಸೊತ್ತು ಇರುತ್ತದೆ. ಗಿಡ್ಡ ಹಗ್ಗದ್ದು ಪಟಪಟ ಆಡುತ್ತದೆ, ಲೆಕ್ಕ ತಪ್ಪುತ್ತದೆ.

ಹೆಡ್‌ಫೋನಿನ ಕಷ್ಟವೂ ಇದೇ. 100 ಹರ್ಟ್ಜ್‌ನ ಗುಂಯ್ ಅನ್ನುವ ಸದ್ದು ಒಂದು ಸಲ ಏರಿ ಇಳಿಯಲು ಸೆಕೆಂಡಿನ ನೂರನೇ ಒಂದು ಭಾಗ ತೆಗೆದುಕೊಳ್ಳುತ್ತದೆ. ಗಾಳಿಯಲ್ಲಿ ಅದರ ಒಂದು ಅಲೆ ಮೂರೂವರೆ ಮೀಟರಿನಷ್ಟು ಉದ್ದ. 5,000 ಹರ್ಟ್ಜ್‌ನ ಕೀಚಲು ಸದ್ದಿನ ಅಲೆ ಏಳು ಸೆಂಟಿಮೀಟರ್ ಕೂಡ ಇಲ್ಲ. ಮೈಕು, ಚಿಪ್ಪು, ಸ್ಪೀಕರ್ ಸೇರಿ ಚೂರೇ ಚೂರು ತಡ ಮಾಡಿದರೂ ಅಲ್ಲಿ ಹೊಂದಾಣಿಕೆ ತಪ್ಪುತ್ತದೆ. ಅದಕ್ಕೇ ಎಎನ್‌ಸಿಯ ಜೋರು ಇರುವುದು ಹೆಚ್ಚಾಗಿ 1,000 ಹರ್ಟ್ಜ್‌ನ ಕೆಳಗೆ, ಒಂದೇ ಸಮ ಬರುವ ಸದ್ದಿನ ಮೇಲೆ. ಅದರ ಮೇಲಿನದನ್ನು ತಡೆಯುವುದು ಕಿವಿ ಮುಚ್ಚುವ ಮೆತ್ತೆ ಅಥವಾ ಕಿವಿಯೊಳಗೆ ಕೂರುವ ರಬ್ಬರ್ ಟಿಪ್. ಅದಕ್ಕೆ ಬ್ಯಾಟರಿ ಬೇಡ, ಚಿಪ್ಪೂ ಬೇಡ.

ಈ ವಿದ್ಯೆ ಹಳೆಯದು. ಜರ್ಮನಿಯ ಪಾಲ್ ಲ್ಯೂಗ್ ಅನ್ನುವವರಿಗೆ 1936ರಲ್ಲೇ ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಅದನ್ನು ಹೆಡ್‌ಫೋನಿನೊಳಗೆ ತೂರಿಸುವ ಹಟ ಹಿಡಿದವರು ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್. 1978ರಲ್ಲಿ ಯೂರೋಪಿನಿಂದ ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಇಂಜಿನ್ ಸದ್ದಿಗೆ ಬೇಸತ್ತು ಅಲ್ಲೇ ಲೆಕ್ಕ ಹಾಕಲು ಕೂತರಂತೆ. 1989ರಲ್ಲಿ ಪೈಲಟ್‌ಗಳ ಹೆಡ್‌ಸೆಟ್ ಬಂತು. ನಮ್ಮಂಥವರು ಕೊಳ್ಳುವಂಥದ್ದು ಬೋಸ್ ಕಂಪನಿಯಿಂದ ಬಂದಿದ್ದು 2000ದಲ್ಲಿ. ವಿಮಾನದ ಗುಂಯ್‌ಗಾಗಿ ಹುಟ್ಟಿದ್ದು ಇವತ್ತಿಗೂ ಅಂಥ ಸದ್ದಿನ ಮೇಲೇ ಚೆನ್ನಾಗಿ ಕೆಲಸ ಮಾಡುತ್ತದೆ.

ಈಗ ನಮ್ಮ ಊರಿನ ಸದ್ದುಗಳಿಗೆ ಬರೋಣ. ಹುಬ್ಬಳ್ಳಿಗೂ ಧಾರವಾಡಕ್ಕೂ ದಿನಾ ಚಿಗರಿ ಬಸ್ಸಿನಲ್ಲಿ ಓಡಾಡುತ್ತೀರಾ? ಆ ಎಸಿ ಮತ್ತು ಇಂಜಿನ್ನಿನ ಸದ್ದು ಎಎನ್‌ಸಿಗೆ ಸರಿಯಾದ ಬೇಟೆ. ಬಟನ್ ಒತ್ತಿದ ಕೂಡಲೇ ತಲೆ ಮೇಲಿನ ಭಾರ ಇಳಿದ ಹಾಗೆ ಅನಿಸುತ್ತದೆ. ರಾತ್ರಿ ರೈಲಿನ ಗಾಲಿಯ ಗಡಗಡ, ಫ್ಯಾನು, ಕೂಲರ್, ಪಕ್ಕದ ಓಣಿಯ ಹಿಟ್ಟಿನ ಗಿರಣಿ, ಕರೆಂಟ್ ಹೋದಾಗ ಕೆಳಗಿನ ಅಂಗಡಿಯವರು ಹಚ್ಚುವ ಜನರೇಟರ್, ಇವೂ ಅಷ್ಟೇ. ಗದಗ-ಬೆಟಗೇರಿಯಲ್ಲಿ ಮಗ್ಗದ ಮನೆಗಳ ಪಕ್ಕ ಇರುವವರಿಗೆ ಮಾತ್ರ ಅರ್ಧ ಲಾಭ. ತಳದ ಗುಡುಗುಡು ಹೋಗುತ್ತದೆ, ಖಟ್ ಖಟ್ ಅನ್ನುವ ಏಟು ಉಳಿಯುತ್ತದೆ. ಕುಕ್ಕರ್ ಸೀಟಿ, ಟಂಟಂ ಹಾರ್ನ್, ನಾಯಿ ಬೊಗಳುವುದು, ಕೂಸು ಅಳುವುದು, ಇವಕ್ಕೆ ಎಎನ್‌ಸಿ ಇದ್ದರೂ ಒಂದೇ, ಇಲ್ಲದಿದ್ದರೂ ಸುಮಾರಾಗಿ ಒಂದೇ.

ಮಾತಿನ ಗದ್ದಲದ ವಿಷಯದಲ್ಲಿ ಜನ ಬಹಳ ಮೋಸ ಹೋಗುತ್ತಾರೆ. ಮನುಷ್ಯರ ದನಿಯ ತಳಭಾಗ ಕೆಳಗಿನ ಕಂಪನದಲ್ಲಿ ಇರುತ್ತದೆ. ಆದರೆ ಮಾತು ಅರ್ಥವಾಗುವುದು ಸ, ಶ, ತ, ಕ ಥರದ ಅಕ್ಷರಗಳಿಂದ, ಅವು ಇರುವುದು ಮೇಲೆ. ಎಎನ್‌ಸಿ ತಳವನ್ನು ತೆಗೆದು ಮೇಲಿನದನ್ನು ಬಿಡುತ್ತದೆ. ಜೊತೆಗೆ ಫ್ಯಾನಿನ ಗುಂಯ್ ಕೂಡ ಹೋಗಿರುತ್ತದಲ್ವಾ, ಹಾಗಾಗಿ ಪಕ್ಕದ ಟೇಬಲ್ಲಿನ ಪಿಸುಮಾತು ಮೊದಲಿಗಿಂತ ಸ್ಪಷ್ಟವಾಗಿ ಕೇಳುವುದೂ ಉಂಟು. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಕೆಎಎಸ್‌ಗೋ ಪಿಎಸ್‌ಐಗೋ ಓದುತ್ತಿರುವ ಹುಡುಗ ಹುಡುಗಿಯರು ಇದನ್ನು ಗಮನಿಸಬೇಕು. ನಿಮ್ಮ ತೊಂದರೆ ರೀಡಿಂಗ್ ರೂಮಿನ ಪಿಸುಪಿಸು ಆಗಿದ್ದರೆ ಎರಡು ಸಾವಿರದ ಎಎನ್‌ಸಿಗಿಂತ, ಮೆಡಿಕಲ್ ಶಾಪಿನಲ್ಲಿ ಹತ್ತಾರು ರೂಪಾಯಿಗೆ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಜಾಸ್ತಿ ಕೆಲಸ ಮಾಡುತ್ತದೆ. ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ ಕಿವಿಗೆ ಇಟ್ಟು, ಅದು ಉಬ್ಬುವವರೆಗೆ ಹಿಡಿದುಕೊಳ್ಳಬೇಕು, ಅಷ್ಟೇ. ಮಿಕ್ಕ ರೊಕ್ಕಕ್ಕೆ ಪುಸ್ತಕ ಕೊಳ್ಳಿ.

ಡಬ್ಬಿಯ ಮೇಲಿನ ಅಕ್ಷರಗಳು

ಡಬ್ಬಿಯಲ್ಲಿ ಮೊದಲು ನೋಡಬೇಕಾದ್ದು ಎಎನ್‌ಸಿ ಅಂತ ಇದೆಯೋ, ಇಎನ್‌ಸಿ ಅಂತ ಇದೆಯೋ ಅನ್ನುವುದು. ಇಎನ್‌ಸಿ ನಿಮ್ಮ ಮೈಕಿಗೆ ಬರುವ ಗದ್ದಲವನ್ನು ಸೋಸುತ್ತದೆ. ನೀವು ಚೆನ್ನಮ್ಮ ಸರ್ಕಲ್ಲಿನಲ್ಲಿ ನಿಂತು ಮಾತಾಡಿದರೆ ಆ ಕಡೆಯವರಿಗೆ ನಿಮ್ಮ ದನಿ ಚೆನ್ನಾಗಿ ಕೇಳುತ್ತದೆ. ನಿಮ್ಮ ಕಿವಿಗೆ ಬರುವ ಸದ್ದು ಒಂದು ಚೂರೂ ಕಡಿಮೆ ಆಗುವುದಿಲ್ಲ. ಸಾವಿರದ ಸುಮಾರಿನ ಡಬ್ಬಿಗಳಲ್ಲಿ ಬರೀ ನಾಯ್ಸ್ ಕ್ಯಾನ್ಸಲೇಶನ್ ಎಂದಿದ್ದರೆ ಬಹಳ ಸಲ ಅದು ಇದೇ. ಹಾಗಂತ ಸುಳ್ಳು ಬರೆದಿದ್ದಾರೆ ಎನ್ನಲೂ ಬರುವುದಿಲ್ಲ. ಪೂರ್ತಿ ಬರೆದಿಲ್ಲ, ಅಷ್ಟೇ. ಎಎನ್‌ಸಿ ಆನ್-ಆಫ್ ಮಾಡಲು ಬಟನ್ ಅಥವಾ ಆ್ಯಪ್ ಇದೆಯಾ ಕೇಳಿ. ಇಲ್ಲ ಅಂದರೆ ಅಲ್ಲಿಗೆ ಮಾತು ಮುಗೀತು.

ಎಎನ್‌ಸಿಯಲ್ಲೂ ಬಗೆ ಇವೆ. ಮೈಕ್ ಹೊರಗೆ ಮಾತ್ರ ಇರುವುದು ಒಂದು, ಒಳಗೆ ಕಿವಿಯ ಹತ್ತಿರ ಇರುವುದು ಇನ್ನೊಂದು, ಎರಡೂ ಕಡೆ ಇರುವುದು ಮತ್ತೊಂದು. ಈ ಕೊನೆಯದನ್ನೇ ಹೈಬ್ರಿಡ್ ಅನ್ನುತ್ತಾರೆ. ಒಳಗಿನ ಮೈಕ್ ನಿಮ್ಮ ಕಿವಿಗೆ ಕೊನೆಗೆ ಏನು ಬಂತು ಅಂತ ನೋಡಿ, ತಪ್ಪಿದ್ದನ್ನು ತಿದ್ದುತ್ತದೆ. ಕೈಗೆಟಕುವ ಬೆಲೆಯಲ್ಲೂ ಈಗ ಹೈಬ್ರಿಡ್ ಸಿಗುತ್ತದೆ. ಆಯ್ಕೆ ಇದ್ದರೆ ಅದನ್ನೇ ತೆಗೆದುಕೊಳ್ಳಿ.

ಆಮೇಲೆ ಡೆಸಿಬಲ್ (ಡಿಬಿ), ಅಂದರೆ ಸದ್ದಿನ ಜೋರಿನ ಅಳತೆ. ‘42 ಡಿಬಿವರೆಗೆ’, ‘50 ಡಿಬಿವರೆಗೆ’ ಅಂತ ಇರುತ್ತದೆ. ಆ ‘ವರೆಗೆ’ ಅನ್ನುವುದರಲ್ಲೇ ಎಲ್ಲಾ ಇದೆ. ಯಾವುದೋ ಒಂದು ಕಂಪನದಲ್ಲಿ ಸಿಕ್ಕ ಅತಿ ಒಳ್ಳೆಯ ಅಂಕಿ ಅದು, ಎಲ್ಲ ಸದ್ದಿನ ಸರಾಸರಿ ಅಲ್ಲ. 10 ಡೆಸಿಬಲ್ ಇಳಿದರೆ ಸದ್ದು ಹೆಚ್ಚುಕಡಿಮೆ ಅರ್ಧ ಆದ ಹಾಗೆ ಕಿವಿಗೆ ಅನಿಸುತ್ತದೆ. 20 ಇಳಿದರೆ ಕಾಲು ಭಾಗ. ಬಸ್ಸಿನ ಗುಂಯ್ ಸದ್ದು 20 ಡೆಸಿಬಲ್ ಇಳಿದರೂ ನೀವು ಖುಷಿಯಾಗಿರುತ್ತೀರಿ. ಎರಡು ಕಂಪನಿಗಳ ಅಂಕಿ ಪಕ್ಕಪಕ್ಕ ಇಟ್ಟು ಇದು ದೊಡ್ಡದು, ಅದು ಸಣ್ಣದು ಅಂತ ಹೋಲಿಸುವುದರಲ್ಲಿ ಹುರುಳಿಲ್ಲ.

ಕೋಡೆಕ್, ಅಂದರೆ ಫೋನು ಹಾಡನ್ನು ಕುಗ್ಗಿಸಿ ಬ್ಲೂಟೂತಿನಲ್ಲಿ ಕಳಿಸುವ ಬಗೆ. ಅದರ ಹೆಸರುಗಳಿಗೂ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಎಸ್‌ಬಿಸಿ ಎಲ್ಲದರಲ್ಲೂ ಇರುತ್ತದೆ, ಎಎಸಿ ಹೆಚ್ಚಿನವುಗಳಲ್ಲಿ ಇರುತ್ತದೆ. ಎಲ್‌ಡ್ಯಾಕ್ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಕಳಿಸುತ್ತದೆ, ಒಳ್ಳೆಯದೇ. ಆದರೆ ಐಫೋನಿನಲ್ಲಿ ಅದು ನಡೆಯುವುದೇ ಇಲ್ಲ, ಮತ್ತು ಬಸ್ಸಿನೊಳಗೆ ಯೂಟ್ಯೂಬ್ ಹಾಡು ಕೇಳುವವರಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಬ್ಲೂಟೂತ್ 5.2ಕ್ಕೂ 5.3ಕ್ಕೂ ನೂರಿನ್ನೂರು ಜಾಸ್ತಿ ಕೊಡುವುದು ದಂಡ. ಮಲ್ಟಿಪಾಯಿಂಟ್ ಮಾತ್ರ ಕೇಳಿ ತೆಗೆದುಕೊಳ್ಳಿ. ಲ್ಯಾಪ್‌ಟಾಪಿಗೂ ಫೋನಿಗೂ ಒಟ್ಟಿಗೆ ಕನೆಕ್ಟ್ ಆಗಿರುತ್ತದೆ. ಮನೆಯಿಂದ ಕೆಲಸ ಮಾಡುವವರಿಗೆ ದಿನಾ ಉಪಯೋಗಕ್ಕೆ ಬರುತ್ತದೆ.

ಅವರಿಗೇ ಇನ್ನೊಂದು ಮಾತು. ಮೀಟಿಂಗ್ ಶುರುವಾದ ಕೂಡಲೇ ಲ್ಯಾಪ್‌ಟಾಪಿನ ಸದ್ದು ಹಳೇ ಲ್ಯಾಂಡ್‌ಲೈನ್ ಥರ ಆಗುತ್ತದೆ, ‘ಇದು ಡಿಫೆಕ್ಟ್ ಪೀಸು’ ಅಂತ ವಾಪಸ್ ಕೊಡುವವರಿದ್ದಾರೆ. ಪೀಸು ಕೆಟ್ಟಿಲ್ಲ. ಹೆಡ್‌ಫೋನಿನ ಮೈಕ್ ಶುರುವಾದಾಗ ಬ್ಲೂಟೂತ್ ಕಾಲ್ ಮೋಡಿಗೆ ಹೋಗುತ್ತದೆ, ಹೋಗುವ ದನಿಗೂ ಬರುವ ದನಿಗೂ ಜಾಗ ಹಂಚಬೇಕಾಗಿ ಗುಣಮಟ್ಟ ಬೀಳುತ್ತದೆ. ಮೀಟಿಂಗ್ ಸೆಟ್ಟಿಂಗಿನಲ್ಲಿ ಮೈಕ್ ಅನ್ನು ಲ್ಯಾಪ್‌ಟಾಪಿನದ್ದಕ್ಕೆ ಬದಲಾಯಿಸಿ ನೋಡಿ. ಕೇಳುವ ಸದ್ದು ಸಾಮಾನ್ಯವಾಗಿ ಮೊದಲಿನಂತೆ ಆಗುತ್ತದೆ.

ಹಳೆಯದು ಯಾತರಿಂದ ಕೆಟ್ಟಿತು?

ಹೆಡ್‌ಫೋನ್ ಸಾಯುವುದು ಹೆಚ್ಚಾಗಿ ಮೂರ್ನಾಲ್ಕು ದಾರಿಯಲ್ಲಿ. ಮೆತ್ತೆಯ ರೆಕ್ಸಿನ್ ಸುಲಿದು ಕಿವಿಗೆಲ್ಲ ಕರಿ ಹೊಟ್ಟು ಅಂಟುವುದು ಒಂದು. ಬೇಸಿಗೆಯ ಬೆವರು, ಮಳೆಗಾಲದ ತೇವ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಮೂರೂ ಸೇರಿ ಈ ಕೆಲಸ ಮಾಡುತ್ತವೆ. ಇಷ್ಟೇ ಆಗಿದ್ದರೆ ಹೊಸದು ಯಾಕೆ? ಹೆಸರಾದ ಮಾಡೆಲ್ಲುಗಳಿಗೆ ಜೋಡಿ ಮೆತ್ತೆ ಕೆಲವು ನೂರು ರೂಪಾಯಿಗೆ ಆನ್‌ಲೈನ್ ಸಿಗುತ್ತದೆ. ಹಳೆಯದನ್ನು ಎಳೆದು ತೆಗೆದು ಹೊಸದರ ಅಂಚನ್ನು ಸುತ್ತ ತೂರಿಸಿದರಾಯಿತು. ಎಷ್ಟೋ ಜನ ‘ಈಗೀಗ ಎಎನ್‌ಸಿ ವೀಕ್ ಆಗೇತಿ’ ಅನ್ನುತ್ತಾರಲ್ಲ, ಅದಕ್ಕೂ ಚಪ್ಪಟೆಯಾದ ಮೆತ್ತೆಯೇ ಕಾರಣ ಇರಬಹುದು. ಸಂದು ಬಿಟ್ಟರೆ ತಳದ ಸದ್ದು ಒಳಗೆ ನುಗ್ಗುತ್ತದೆ, ಎಎನ್‌ಸಿ ಎಷ್ಟಿದ್ದರೂ ಸಾಕಾಗುವುದಿಲ್ಲ.

ಬ್ಯಾಟರಿ ನಿಲ್ಲುವುದಿಲ್ಲ ಅನ್ನುವವರು ಒಂದು ಲೆಕ್ಕ ಮಾಡಬೇಕು. ನನ್ನ ಪ್ರಕಾರ ಇಡೀ ವಿಷಯದಲ್ಲಿ ರೊಕ್ಕ ಉಳಿಸುವ ಲೆಕ್ಕ ಇದೇ. ಲಿಥಿಯಂ ಬ್ಯಾಟರಿ 300ರಿಂದ 500 ಸಲ ಪೂರ್ತಿ ಖಾಲಿಯಾಗಿ ತುಂಬಿದ ಮೇಲೆ ಸುಮಾರು ಶೇಕಡಾ 80ಕ್ಕೆ ಇಳಿಯುತ್ತದೆ, ಮುಂದೆ ಇನ್ನೂ ಬೇಗ ಸೊರಗುತ್ತದೆ. ಕಿವಿಯೊಳಗಿನ ಬಡ್ಸ್ ಎಎನ್‌ಸಿ ಹಾಕಿದರೆ ಐದಾರು ತಾಸು ಬರುತ್ತವೆ. ದಿನಕ್ಕೆ ಐದು ತಾಸು ಬಳಸಿದರೆ ದಿನಕ್ಕೊಂದು ಸುತ್ತು ಆಯಿತು. ವರ್ಷ, ಒಂದೂವರೆ ವರ್ಷಕ್ಕೆ ಅದರ ಆಯುಷ್ಯ ಇಳಿಮುಖ. ಅದರೊಳಗಿನ ಬ್ಯಾಟರಿ ಗುಂಡಿಯಷ್ಟು, ಅಂಟು ಹಾಕಿ ಮುಚ್ಚಿರುತ್ತಾರೆ, ರಿಪೇರಿಯವರೂ ಕೈ ಹಾಕಲು ಹಿಂದೆ ಮುಂದೆ ನೋಡುತ್ತಾರೆ. ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ 35-40 ತಾಸು ಬರುತ್ತದೆ. ಅಂದರೆ ವಾರಕ್ಕೊಂದು ಸುತ್ತು. ಅಂಥ 400 ಸುತ್ತು ಮುಗಿಯಲು ಏಳೂವರೆ ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಬರೀ ವಯಸ್ಸಿಗೇ ಬ್ಯಾಟರಿ ಒಂದಿಷ್ಟು ಸೊರಗುತ್ತದೆ, ಆದರೂ ಬಡ್ಸ್‌ಗೆ ಹೋಲಿಸಿದರೆ ಎಷ್ಟೋ ಪಾಲು ಮೇಲು. ಮೇಲಾಗಿ ಇದರ ಬ್ಯಾಟರಿಯನ್ನು ಮೊಬೈಲ್ ರಿಪೇರಿ ಬಲ್ಲವರು ಬದಲಿಸಬಲ್ಲರು.

ಹಾಗಾಗಿ ಕಡಿಮೆ ಬಜೆಟ್ಟಿನವರು, ದಿನಾ ಜಾಸ್ತಿ ಹೊತ್ತು ಹಾಕಿಕೊಳ್ಳುವವರು ದೊಡ್ಡ ಹೆಡ್‌ಫೋನ್ ಕಡೆಗೇ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ. ಏಪ್ರಿಲ್-ಮೇ ತಿಂಗಳ ಸೆಖೆಯಲ್ಲಿ ಕಿವಿ ಬೆವರುತ್ತದೆ, ಒಪ್ಪುತ್ತೇನೆ. ಬಸ್ಸಿನಲ್ಲಿ ನಿಂತು ಹೋಗುವವರಿಗೆ, ಮಲಗಿ ಕೇಳುವವರಿಗೆ, ಒಂದರ್ಧ ತಾಸಿನ ಬಳಕೆಗೆ ಬಡ್ಸೇ ಸರಿ. ಒಂದು ಕಿವಿಯದನ್ನು ಈಗಾಗಲೇ ಕಳೆದುಕೊಂಡು ಇದನ್ನು ಓದುತ್ತಿರುವವರು ಮಾತ್ರ ಎರಡು ಸಲ ಯೋಚಿಸಿ.

ಮಡಚುವ ಜಾಗದಲ್ಲಿ ಪ್ಲಾಸ್ಟಿಕ್ ಮುರಿದು ಹೋದವರು ಈ ಸಲ ಕೀಲು ನೋಡಿ. ಚೀಲದಲ್ಲಿ ಡಬ್ಬಿ ಇಲ್ಲದೆ ಹಾಕಿ, ಅದರ ಮೇಲೆ ಟಿಫಿನ್ ಡಬ್ಬಿ ಇಟ್ಟರೆ ಯಾವ ಕೀಲೂ ಉಳಿಯುವುದಿಲ್ಲ, ಅದು ಬೇರೆ ಮಾತು.

ಎಷ್ಟು ರೊಕ್ಕಕ್ಕೆ ಏನು ಸಿಗುತ್ತದೆ

ಎರಡು ಸಾವಿರದೊಳಗೆ ಎಎನ್‌ಸಿ ಸಿಗುತ್ತದೆ, ಆದರೆ ಸುಮ್ನೆ ಹೆಸರಿಗೆ ಇರುವುದೇ ಜಾಸ್ತಿ. ಫ್ಯಾನಿನ ಸದ್ದು ತುಸು ತಗ್ಗುತ್ತದೆ, ಬದಲಿಗೆ ಸುಂಯ್ ಅನ್ನುವ ಹೊಸ ಸದ್ದೊಂದು ಸೇರಿಕೊಳ್ಳುತ್ತದೆ. ಅದು ಅಗ್ಗದ ಮೈಕು ಮತ್ತು ಚಿಪ್ಪಿನ ಗೊಣಗಾಟ. ಈ ಬೆಲೆಯಲ್ಲಿ ಎಎನ್‌ಸಿ ಮರೆತು ಕಿವಿಗೆ ಚೆನ್ನಾಗಿ ಕೂರುವ ಸಾದಾ ಹೆಡ್‌ಫೋನ್ ತೆಗೆದುಕೊಂಡರೆ ಸದ್ದೂ ಚೆನ್ನ, ಬಾಳಿಕೆಯೂ ಚೆನ್ನ. ಮೂರರಿಂದ ಐದು ಸಾವಿರದಲ್ಲಿ ನಿಜವಾದ ಹೈಬ್ರಿಡ್ ಎಎನ್‌ಸಿ ಸಿಗುತ್ತದೆ. ಬಸ್ಸು-ರೈಲಿಗೆ ಇದು ಸಾಕು.

ಐದರಿಂದ ಹತ್ತರೊಳಗೆ ನೆಮ್ಮದಿ. ಸೋನಿಯ ಡಬ್ಲ್ಯೂಎಚ್-ಸಿಎಚ್720ಎನ್ 2023ರಲ್ಲಿ ಬಂದಾಗ ಇಲ್ಲಿ 9,990 ರೂಪಾಯಿ ಇತ್ತು. ಎಎನ್‌ಸಿ ಹಾಕಿದರೂ 35 ತಾಸು ಬರುತ್ತದೆ, ತೂಕ ಬರೀ 192 ಗ್ರಾಂ. ಆದರೆ ಒಳಕ್ಕೆ ಮಡಚಲು ಬರುವುದಿಲ್ಲ. ಅದೇ ವರ್ಷದ ಜೆಬಿಎಲ್ ಟ್ಯೂನ್ 770ಎನ್‌ಸಿ ಮಡಚುತ್ತದೆ, ಎಎನ್‌ಸಿಯೊಂದಿಗೆ 44 ತಾಸು. ಸೌಂಡ್‌ಕೋರ್ ಸ್ಪೇಸ್ ಒನ್‌ನಲ್ಲಿ ಎಲ್‌ಡ್ಯಾಕ್ ಕೂಡ ಇದೆ. ಇವುಗಳ ಬೆಲೆ ದಸರಾ-ದೀಪಾವಳಿ ಸೇಲ್‌ನಲ್ಲಿ ಇಳಿಯುತ್ತದೆ, ಆಮೇಲೆ ಏರುತ್ತದೆ. ಅವಸರ ಇಲ್ಲದವರು ಕಾಯಬಹುದು. ಸೆಕೆಂಡ್ ಹ್ಯಾಂಡಿನಲ್ಲಿ ಮೂವತ್ತು ಸಾವಿರದ ಹಳೇ ಮಾಡೆಲ್ ಎಂಟು ಸಾವಿರಕ್ಕೆ ಅಂತ ಯಾರಾದರೂ ಅಂದರೆ ಬ್ಯಾಟರಿಗೆ ಎಷ್ಟು ವರ್ಷ ಆಯಿತು ಅಂತ ಮೊದಲು ಕೇಳಿ.

ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ಹೆಚ್ಚಿನವರು ಹಾಡು ಹಚ್ಚಿ ಕೇಳುತ್ತಾರೆ. ಹಾಡು ಬೇಡ. ಫ್ಯಾನಿನ ಕೆಳಗೋ ಎಸಿ ಹತ್ತಿರವೋ ನಿಂತು, ಏನೂ ಹಚ್ಚದೆ, ಎಎನ್‌ಸಿಯನ್ನು ಆನ್ ಮಾಡಿ, ಆಫ್ ಮಾಡಿ. ವ್ಯತ್ಯಾಸ ಕೂಡಲೇ ಗೊತ್ತಾಗದಿದ್ದರೆ ಆ ಡಬ್ಬಿ ವಾಪಸ್ ಕೊಡಿ. ಚಾಳೀಸು ಹಾಕುವವರು ಚಾಳೀಸು ಹಾಕಿಕೊಂಡೇ ನೋಡಬೇಕು. ಅದರ ಕಡ್ಡಿ ಮೆತ್ತೆಯನ್ನು ಎತ್ತಿ ಸಂದು ಮಾಡುತ್ತದೆ. ಮೆತ್ತೆ ಮೃದುವಾಗಿದ್ದು ದಪ್ಪ ಇದ್ದರೆ ಕಡ್ಡಿಯ ಸುತ್ತ ಕೂರುತ್ತದೆ. ಅಲ್ಲೇ ನಿಂತು ಹತ್ತು ನಿಮಿಷ ಹಾಕಿಕೊಂಡಿರಿ. ಕೆಲವರಿಗೆ ಎಎನ್‌ಸಿ ಹಾಕಿದರೆ ಘಾಟಿ ಇಳಿಯುವಾಗ ಆಗುವಂತೆ ಕಿವಿ ಕಟ್ಟಿದ ಹಾಗಾಗುತ್ತದೆ. ನಿಮಗೆ ಹಾಗಾದರೆ ಎಎನ್‌ಸಿಯ ಮಟ್ಟ ಕಡಿಮೆ ಮಾಡಲು ಬರುವಂಥದ್ದನ್ನು ಹುಡುಕಿ. ಬಡ್ಸ್ ಆದರೆ ಜೊತೆಗೆ ಕೊಟ್ಟ ಮೂರೂ ಅಳತೆಯ ಟಿಪ್ ಹಾಕಿ ನೋಡಿ, ಎರಡು ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಇದೆ.

ಎಎನ್‌ಸಿಯ ದೊಡ್ಡ ಉಪಕಾರ ವಾಲ್ಯೂಮ್ ಇಳಿಸಲು ಬರುವುದು. ಬಸ್ಸಿನ ಸದ್ದನ್ನು ಮೀರಿಸಲು ನಾವು ವಾಲ್ಯೂಮ್ ಏರಿಸುತ್ತಾ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ತಾಸಿನವರೆಗೆ ಕೇಳಬಹುದು, 90 ಡೆಸಿಬಲ್ ಆದರೆ ವಾರಕ್ಕೆ ಬರೀ 4 ತಾಸು. 10 ಡೆಸಿಬಲ್ ಏರಿದರೆ ಹೊತ್ತು ಎಷ್ಟು ಕಡಿಮೆ ಆಗುತ್ತದೆ ನೋಡಿ. ಬೈಕ್ ಮೇಲೆ ಮಾತ್ರ ಹಾಕಲೇಬೇಡಿ. ಹಿಂದಿನ ಲಾರಿಯ ಸದ್ದೂ ಎಎನ್‌ಸಿಗೆ ಬರೀ ಗುಂಯ್ ಸದ್ದೇ.

ಕೊಳ್ಳುವಾಗ ಬಿಲ್ ಕೇಳಿ ಪಡೆಯಿರಿ. ಫುಟ್‌ಪಾತಿನಲ್ಲಿ ‘ಫಸ್ಟ್ ಕಾಪಿ’ ಅಂತ ಕೊಡುವುದರ ಡಬ್ಬಿ ಅಸಲಿಯಂತೆಯೇ ಇರುತ್ತದೆ, ಒಳಗೆ ಬಹಳ ಸಲ ಎಎನ್‌ಸಿ ಇರುವುದಿಲ್ಲ. ಡಬ್ಬಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿ ನೋಡಬಹುದು. ಆ ಕಂಪನಿಯ ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲಿ ಇದೆಯೋ, ಕೊರಿಯರ್ ಮಾಡಿ ಕಾಯಬೇಕೋ ಅಂತಲೂ ವಿಚಾರಿಸಿ. ಹಾವೇರಿ, ಗದಗದವರಿಗೆ ಇದು ಇನ್ನೂ ಮುಖ್ಯ. ಆನ್‌ಲೈನ್ ಆದರೆ ರೊಕ್ಕ ವಾಪಸ್ ಬರುತ್ತದೋ, ಬರೀ ಬದಲಿ ಪೀಸು ಕೊಡುತ್ತಾರೋ ಅನ್ನುವುದನ್ನು ಆರ್ಡರ್ ಮಾಡುವ ಮೊದಲೇ ಓದಿ. ವಾರಂಟಿ ಇದ್ದೂ ಸತಾಯಿಸಿದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಹೊಸದು ಬಂದ ಮೇಲೆ ಹಳೆಯದನ್ನು ಕಸದ ಗಾಡಿಗೆ ಹಾಕಬೇಡಿ. ಒಳಗಿನ ಲಿಥಿಯಂ ಬ್ಯಾಟರಿ ಜಜ್ಜಿದರೆ ಬೆಂಕಿ ಹತ್ತಬಹುದು. ಮೊದಲೇ ಉಬ್ಬಿದ್ದರೆ ಚಾರ್ಜಿಗೆ ಹಾಕುವುದನ್ನು ನಿಲ್ಲಿಸಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕೊಡುವ ಮೊದಲು ಅದರ ಚಾರ್ಜರ್ ಕೇಬಲ್ ತೆಗೆದಿಟ್ಟುಕೊಳ್ಳಿ, ಟೈಪ್-ಸಿ ಆಗಿದ್ದರೆ ಹೊಸದಕ್ಕೂ ನಡೆಯುತ್ತದೆ.